ಪರಸವ್ವನ ಬಿಳಿ ಸೀರೆ ಮತ್ತು ತಿಕೋಟಾದ ಮಾರ್ತವ್ವ

ತಿಕೋಟಾದಲ್ಲಿ ಯಾರ ಮನೆಯಲ್ಲಾದರೂ ಸೊಸೆಗೆ ಏಳು ತಿಂಗಳು ತುಂಬಿತೆಂದರೆ ಮಾರ್ತವ್ವನಿಗೆ ಸುದ್ದಿ ಹೋಗುತ್ತದೆ. ಆಕೆ ಸೂಲಗಿತ್ತಿಯಲ್ಲ, ಕೌದಿ ಹೊಲಿಯುವಾಕೆ. ಹಳೆಯ ಸೀರೆ, ಧೋತರ, ಸವೆದ ದುಪಟ್ಟಾಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿನವರೆಗೆ ಸುತ್ತುಸುತ್ತಾಗಿ ಕೈಹೊಲಿಗೆ ಹಾಕಿ, ಹುಟ್ಟುವ ಕೂಸಿಗೆ ಒಂದು ಸಣ್ಣ ಕೌದಿ ಮಾಡಿಕೊಡುತ್ತಾಳೆ. ಯಾವ ಜಾತಿ, ಯಾವ ಓಣಿ ಎಂದು ನೋಡುವುದಿಲ್ಲ. ಪ್ರತಿಯಾಗಿ ಏನನ್ನೂ ತೆಗೆದುಕೊಳ್ಳುವುದಿಲ್ಲ. ಕೇಳಿದವರಿಗೆ, ಇದು ನನ್ನ ಕ್ರಿಸ್‌ಮಸ್, ಮಂದಿಯದು ಡಿಸೆಂಬರಿನಲ್ಲಿ ಬರುತ್ತದೆ, ನನ್ನದು ವರ್ಷವಿಡೀ ನಡೆಯುತ್ತದೆ ಎನ್ನುತ್ತಾಳೆ.

ಆಕೆ ಹುಟ್ಟಿದ್ದು ವಿಜಯಪುರದ ದಲಿತ ಕೇರಿಯಲ್ಲಿ. ಮನೆ ಕಟ್ಟುವ ಗೌಂಡಿ ಕೆಲಸದ ದೇವದಾನಪ್ಪನನ್ನು ಮದುವೆಯಾಗಿ ತಿಕೋಟಾಕ್ಕೆ ಬಂದಳು. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಹದಿನೆಂಟು ವರ್ಷ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದಳು. ಆದರೆ ತಾನು ಶಾಲೆಯ ಬೆಂಚಿನ ಮೇಲೆ ಎಂದೂ ಕೂತವಳಲ್ಲ. ನಲವತ್ತು ದಾಟಿದ ಮೇಲೆ, ಭಾನುವಾರ ವಿಜಯಪುರದ ಕ್ರೈಸ್ತ ಸಭೆಗೆ ಹೋಗಿ, ಓದುವವರ ಪಕ್ಕದಲ್ಲಿ ಕೂತು, ಅಕ್ಷರದ ಮೇಲೆ ಬೆರಳಿಟ್ಟು ಕಲಿತಳು. ಯಾರ ಸಹಾಯವಿಲ್ಲದೆ ಆಕೆ ಮೊದಲು ಓದಿ ಮುಗಿಸಿದ್ದು ಯೇಸುವಿನ ಜನನದ ಕತೆಯನ್ನು. ತಾಯಿ ಮರಿಯವ್ವ ಕೂಸನ್ನು ಬಟ್ಟೆಯಲ್ಲಿ ಸುತ್ತಿ ದನಕ್ಕೆ ಮೇವು ಹಾಕುವ ಗ್ವಾದಲಿಯಲ್ಲಿ ಮಲಗಿಸಿದಳೆಂಬ ಕಡೆ ಬಂದಾಗ ಬೆರಳು ಅಲ್ಲಿಯೇ ನಿಂತಿತಂತೆ. ದೂತರ ಹಾಡು, ನಕ್ಷತ್ರ ಎಲ್ಲ ಆಮೇಲಿನದು. ಲೋಕವನ್ನು ಮಾಡಿದವನಿಗೆ ಈ ಲೋಕದಲ್ಲಿ ಮೊದಲು ಸಿಕ್ಕಿದ್ದು ಒಂದು ತುಂಡು ಬಟ್ಟೆ. ಅಷ್ಟನ್ನು ತನ್ನ ಕೈಯಿಂದಲೂ ಕೊಡಬಹುದಲ್ಲ ಎಂದುಕೊಂಡಳು.

ಮೊದಲ ಕೌದಿ ಹೋದದ್ದು ಪಕ್ಕದ ಮನೆಯ ಹಾಜಿರಾಬಿಯ ಮೊಮ್ಮಗ ಸುಫಿಯಾನನಿಗೆ. ಅವನೀಗ ಕಾಲೇಜು ಓದುತ್ತಿದ್ದಾನೆ.

ಈ ಕೆಲಸಕ್ಕೆ ಆಕೆಯದೊಂದು ಪದ್ಧತಿ ಇತ್ತು. ಹಳೆಯ ಬಟ್ಟೆ ತರಲು ತಾನೇ ಆ ಮನೆಗೆ ಹೋಗುತ್ತಿದ್ದಳು. ಬಸುರಿಯನ್ನೂ ಮನೆಯ ಹಿರಿಯಳನ್ನೂ ಎದುರಿಗೆ ಕೂಡಿಸಿಕೊಂಡು, ಒಂದೊಂದೇ ಬಟ್ಟೆ ಎತ್ತಿ, ಇದು ಯಾರದು, ಯಾವಾಗ ಉಟ್ಟದ್ದು, ಕತ್ತರಿ ಹಾಕಲೇ ಎಂದು ಕೇಳುತ್ತಿದ್ದಳು. ಅರ್ಧ ದಿನ ಅದರಲ್ಲೇ ಹೋಗುತ್ತಿತ್ತು. ಬಟ್ಟೆಯ ಜೊತೆಗೆ ಆ ಮನೆಯ ಸುಖದುಃಖವೂ ಬಿಚ್ಚಿಕೊಳ್ಳುತ್ತಿತ್ತು. ಯಾರ ಕೈಯಲ್ಲಾದರೂ ತರಿಸಿಕೊಳ್ಳಬಾರದೇ ಎಂದು ಸಭೆಯ ನಾವು ಕೆಲವರು ಒಮ್ಮೆ ಕೇಳಿದ್ದಕ್ಕೆ ಹೇಳಿದ್ದಳು: “ದೇವರು ಮ್ಯಾಲಿಂದ ಚೀಟಿ ಬರದು ಕಳಿಸಲಿಲ್ಲ. ತಾನ ಬಂದ. ನಾ ಏನ್ ಅವಂಗಿಂತ ದೊಡ್ಡಾಕಿ ಏನು, ಮಂದೀ ಕೈಲೆ ತರಸಾಕ?”

ಕಳೆದ ಡಿಸೆಂಬರಿನಲ್ಲಿ ಆಕೆ ಆ ಪದ್ಧತಿಯನ್ನು ಮುರಿದಳು.

ರಾಜರತ್ನ ಎಂಬ ಹುಡುಗ ತಿಕೋಟಾದ ಒಂದು ಕಚೇರಿಯಲ್ಲಿ ಗುಮಾಸ್ತ. ದಿನವೂ ಬಬಲೇಶ್ವರದಿಂದ ಬೈಕಿನಲ್ಲಿ ಬಂದು ಹೋಗುತ್ತಾನೆ. ಬೌದ್ಧ ಮನೆತನದವನು. ಹೆಂಡತಿ ವಿಶಾಖಾಳಿಗೆ ಚೊಚ್ಚಲು, ದಿನ ಹತ್ತಿರ ಬಂದಿವೆ, ಒಂದು ಕೌದಿ ಬೇಕು ಎಂದು ಕೇಳಿದ. ಮಾರ್ತವ್ವನಿಗೆ ಆಗ ಹಬ್ಬದ ಗಡಿಬಿಡಿ. ಊರಿನಲ್ಲಿ ಕ್ರೈಸ್ತರ ಮನೆ ಮೂರೇ. ಆದರೆ ಕರ್ಚಿಕಾಯಿಯ ತಟ್ಟೆ ಹೋಗಬೇಕಾದ ಮನೆಗಳು ಐವತ್ತಕ್ಕೂ ಹೆಚ್ಚು. ಗಂಟು ಕಟ್ಟಿ ಕೊಡಲು ಹೇಳು, ನೀನೇ ತಂದುಬಿಡು ಎಂದಳು. ಮರುದಿನ ಗಂಟು ಬಂತು. ಅದರಲ್ಲಿ ಒಂದು ಬಿಳಿ ಸೀರೆ ಇತ್ತು. ಮಡಿಕೆಗಳು ಹಳದಿಯಾಗಿದ್ದವು, ಸೆರಗು ಸವೆದಿತ್ತು. ಬಟ್ಟೆ ಮಾತ್ರ ಮೆತ್ತಗಿತ್ತು. ಯಾರೋ ತೀರಿಕೊಂಡ ಮುದುಕಿಯದಿರಬೇಕು, ಬಾಳಿದ ಜೀವದ ಬಟ್ಟೆ ಕೂಸಿಗೆ ಒಳ್ಳೆಯದು ಎಂದು ತನ್ನಷ್ಟಕ್ಕೇ ಲೆಕ್ಕ ಹಾಕಿ ಕತ್ತರಿ ಹಾಕಿದಳು. ಎಂಟು ತುಂಡು ಮಾಡಿ, ನಾಲ್ಕನ್ನು ತನ್ನಲ್ಲಿ ಉಳಿದಿದ್ದ ಬೇರೆ ಮನೆಗಳ ಬಣ್ಣದ ತುಂಡುಗಳ ಜೊತೆ ಕೂಡಿಸಿ ಹೊಲಿದೂ ಬಿಟ್ಟಳು.

ಹಬ್ಬಕ್ಕೆ ಇನ್ನು ಮೂರು ದಿನ ಇತ್ತು. ಹಾಜಿರಾಬಿ ಕರ್ಚಿಕಾಯಿ ಕರಿಯಲು ಬಂದು ಒಲೆಯ ಮುಂದೆ ಕೂತಿದ್ದಳು. ಆಗ ವಿಶಾಖಾಳ ಫೋನು ಬಂತು. ದನಿ ಬಹಳ ಸಣ್ಣದಾಗಿತ್ತು. ಅತ್ತೆ ಪರಸವ್ವ ಮುಂಜಾನೆಯಿಂದ ಟ್ರಂಕು ತೆಗೆದು ಹುಡುಕುತ್ತಿದ್ದಾಳೆ. ಗಂಟಿನಲ್ಲಿ ಬಿಳಿ ಸೀರೆ ಬಂದಿತ್ತೇ ಎಂದು ಕೇಳಿದಳು. ಮಾರ್ತವ್ವ ಇದ್ದದ್ದನ್ನು ಹೇಳಿದಳು. ಆಮೇಲೆ ಹುಡುಗಿ ಅಳುತ್ತ ಎಲ್ಲವನ್ನೂ ಹೇಳಿದಳು. ಮೂವತ್ತು ವರ್ಷದ ಹಿಂದೆ ಅತ್ತೆ ಧಮ್ಮ ದೀಕ್ಷೆ ತೆಗೆದುಕೊಂಡು ಬೌದ್ಧಳಾದ ದಿನ ಉಟ್ಟ ಸೀರೆ ಅದು. ಈಗ ಬುದ್ಧ ವಂದನೆಗೆ ಬೇರೆ ಬಿಳಿ ಸೀರೆ ಉಡುವುದರಿಂದ ಇದು ಟ್ರಂಕಿನ ತಳ ಸೇರಿತ್ತು. ಮದುವೆಯಾಗಿ ಬಂದು ಒಂದೂವರೆ ವರ್ಷದ ಸೊಸೆಗೆ ಅದು ಗೊತ್ತಿರಲಿಲ್ಲ, ಹಾಳಾದ ಸೀರೆ ಎಂದು ಗಂಟಿಗೆ ಹಾಕಿದ್ದಳು.

“ನಿಮ್ಮ ಕಾಲ ಬೀಳ್ತೇನ್ರಿ,” ಎಂದಳು. “ಬಂದೇ ಇಲ್ಲ ಅಂತ ಹೇಳಿಬಿಡ್ರಿ. ಇಲಿ ಕಡದು ಹಾಳ ಮಾಡ್ಯಾವು, ಒಗದೇನಿ ಅಂತ ನಾ ಹೇಳ್ತೇನಿ. ನಾ ಕೊಟ್ಟೇನಿ ಅಂತ ತಿಳಿದರ ಆಕಿ ನನ್ನ ಜೋಡಿ ಮಾತ ಆಡಂಗಿಲ್ಲ. ಬಾಣಂತನ ಆಕೀ ಕೈಯಾಗ ಐತ್ರಿ.”

ಹುಡುಗಿಗೆ ತಾಯಿ ಇರಲಿಲ್ಲ. ತವರಿಗೆ ಹೋಗಿ ಹೆರುವ ಮಾತೇ ಇರಲಿಲ್ಲ. ಪರಸವ್ವ ಮುನಿದರೆ ಆ ಮನೆಯಲ್ಲಿ ಅವಳಿಗೆ ಬೇರೆ ಹೆಣ್ಣು ಜೀವವಿಲ್ಲ.

ಮಾರ್ತವ್ವ ಹ್ಞೂಂ ಎನ್ನಲಿಲ್ಲ, ಊಹ್ಞೂಂ ಎನ್ನಲೂ ಇಲ್ಲ. ಫೋನು ಇಟ್ಟಳು. ಹಾಜಿರಾಬಿ ಜಾಲರಿ ಸೌಟಿನಿಂದ ಎಣ್ಣೆ ಬಸಿಯುತ್ತ, ಹಬ್ಬ ಮುಗಿಸಿಕೊಂಡು ಹೋಗು, ಹರಿದದ್ದು ಹೆಂಗೂ ಹರಿದಿದೆ ಎಂದಳು. ಮಾರ್ತವ್ವ ಆ ಮಾತನ್ನು ಒಪ್ಪಲಿಲ್ಲ. ಈ ಹಬ್ಬವನ್ನು ಯಾವ ಮುಖ ಇಟ್ಟುಕೊಂಡು ಮಾಡಲಿ ಎಂದಳು. ಯೇಸು ನಮ್ಮ ಬಾಗಿಲಿಗೆ ಬಂದ ದಿನವೆಂದು ಹಾಡುತ್ತೇವೆ. ನಾನು ಮಾತ್ರ ಒಂದು ಬಾಗಿಲಿಗೆ ಹೋಗದೆ ಗಂಟು ತರಿಸಿಕೊಂಡೆ, ಈಗ ಸುಳ್ಳು ಹೇಳಿ ಹೋಗದೆಯೂ ಇರಬಹುದು. ಆದರೆ ಹಾಗೆ ಮಾಡಿದರೆ ಅದು ಅವನ ಹಬ್ಬವಲ್ಲ, ಬರೀ ಕರ್ಚಿಕಾಯಿಯ ಹಬ್ಬ ಎಂದು ಮುಗಿಸಿದಳು.

“ಹಂಗಾರ ಹೋಗಬೇ,” ಎಂದಳು ಹಾಜಿರಾಬಿ. “ನಿನ್ನ ಹಬ್ಬದ ಅಡಗಿ ನಾ ಮಾಡಬೇಕು, ನನ್ನ ಈದಿನ ಅಡಗಿ ನೀ ಉಣ್ಣಬೇಕು. ನಮ್ಮ ನಸೀಬನ ಇಷ್ಟು.”

ಮರುದಿನ ಮುಂಜಾನೆ ಮಾರ್ತವ್ವ ಹೊಲಿದದ್ದು, ಹೊಲಿಯದ್ದು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಬಬಲೇಶ್ವರಕ್ಕೆ ಹೊರಟಳು. ದಾರಿಯುದ್ದಕ್ಕೂ ತೊಗರಿ ಕೊಯ್ದು ಹೊರೆಗಳನ್ನು ಗೂಡು ಹಾಕಿದ್ದರು. ಪರಸವ್ವನೂ ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಎಪ್ಪತ್ತರ ಹತ್ತಿರದ, ಎತ್ತರದ, ನೆಟ್ಟಗೆ ಕೂರುವ ಹೆಂಗಸು. ಹಿಂದಿನ ಗೋಡೆಗೆ ಬುದ್ಧನ ಪಟ ಇತ್ತು. ವಿಶಾಖಾ ಬಾಗಿಲಲ್ಲಿ ನಿಂತು, ಬಂದವಳನ್ನು ಕಂಡು ಬಿಳಿಚಿಕೊಂಡಳು.

ಮಾರ್ತವ್ವ ನೀರು ಕೂಡ ಕುಡಿಯಲಿಲ್ಲ. ಚೀಲ ಬಿಚ್ಚಿ ತುಂಡುಗಳನ್ನು ಪರಸವ್ವನ ಮುಂದೆ ಹಾಸಿದಳು.

“ಯಕ್ಕಾ, ನಿಮ್ಮ ಸೀರಿ ನಾ ಕತ್ತರಿಸೇನ್ರಿ. ಯಾರದು ಅಂತ ಕೇಳಲಿಲ್ಲ. ತಪ್ಪು ನಂದು.”

ಪರಸವ್ವ ಮೊರ ಕೆಳಗಿಟ್ಟಳು. ಒಂದು ತುಂಡನ್ನು ಎತ್ತಿ, ಅಂಚಿನ ಮೇಲೆ ಬೆರಳಾಡಿಸಿ, ಮತ್ತೆ ಅಲ್ಲಿಯೇ ಇಟ್ಟಳು. ಇದನ್ನು ಕೊಟ್ಟವರು ಯಾರು ಎಂದು ಕೇಳಿದಳು. ಗಂಟು ಬಂದಿತ್ತು, ಬಿಚ್ಚಿ ಕೇಳುವುದು ನನ್ನ ಕೆಲಸ, ನಾನೇ ಬಂದು ಕೇಳಿದ್ದರೆ ನೀವು ಬೇಡವೆನ್ನುತ್ತಿದ್ದಿರಿ ಎಂದಳು ಮಾರ್ತವ್ವ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಅಷ್ಟರಲ್ಲಿ ಬಾಗಿಲಿಂದ ವಿಶಾಖಾ ಮುಂದೆ ಬಂದಳು.

“ನಾ ಕೊಟ್ಟೇನ್ರಿ ಅತ್ತಿ. ನನಗ ಗೊತ್ತಿರಲಿಲ್ಲ.”

ಪರಸವ್ವ ಸೊಸೆಯ ಕಡೆಗೆ ನೋಡಲಿಲ್ಲ. ಬಣ್ಣದ ತುಂಡುಗಳನ್ನು ಬೆರಳಿನಿಂದ ಸರಿಸುತ್ತ ಮಾರ್ತವ್ವನನ್ನೇ ಕೇಳಿದಳು, ಇವು ಯಾರ ಯಾರ ಬಟ್ಟೆ ಎಂದು. ಮಾರ್ತವ್ವ ಹೇಳಿದಳು. ಹಸಿರು ದುಪಟ್ಟಾ ಹಾಜಿರಾಬಿಯದು, ನೀಲಿ ಸೀರೆ ಪಕ್ಕದ ಓಣಿಯವರದು. ಹಳೆಯ ಬಟ್ಟೆ ಕೂಸಿನ ಮೈಗೆ ಮೆತ್ತಗೆ ಎಂದೂ ಸೇರಿಸಿದಳು.

“ಹಳೀ ಬಟ್ಟಿ,” ಎಂದಳು ಪರಸವ್ವ. “ನಿಮ್ಮವ್ವ ಏನ್ ಉಡತಿದ್ಲು ಬೇ? ನಮ್ಮವ್ವ ಉಟ್ಟದ್ದ ಉಟ್ಟಾಳ ಆಕೀನೂ. ಮಂದಿ ಬಿಟ್ಟದ್ದು. ಮಂದಿ ಬಾಗಲದಾಗ ನಿಂತು, ಉಡ್ಯಾಗ ಹಾಕಿಸ್ಕೊಂಡು ಬಂದದ್ದು. ನೀನೂ ಅದ ಕೇರಿಯಾಕಿ. ಮರ್ತಿಯೇನ?”

ಪರಸವ್ವ ಬಿಳಿ ತುಂಡೊಂದನ್ನು ಮತ್ತೆ ಕೈಗೆತ್ತಿಕೊಂಡಳು.

“ಈ ಸೀರಿ ನಾ ಕೂಲಿ ಮಾಡಿ, ಬಿಜಾಪುರದ ಅಂಗಡ್ಯಾಗ ಕುಂತು, ನನಗ ಬೇಕಾದ್ದು ಆರಿಸಿ ತಂದದ್ದು. ನನಗಿಂತ ಮೊದಲ ಯಾರೂ ಉಟ್ಟಿರಲಿಲ್ಲ. ನಾಕು ಮಂದಿ ಮುಂದ ಅದನ್ನ ಉಟ್ಟು, ನಾನೂ ಮನಷ್ಯಾಳು ಅಂತ ನಿಂತೇನಿ. ನನ್ನ ಮನಿ ಕೂಸಿಗೆ ಮಂದಿ ಹಳೀ ಬಟ್ಟಿ ಹಾಸತೀಯೇನ?”

ಆ ಹೊತ್ತಿನಲ್ಲಿ ತಾನು ಏನು ಮಾಡಿದ್ದೇನೆಂಬುದು ಮಾರ್ತವ್ವನಿಗೆ ಪೂರ್ತಿ ತಿಳಿಯಿತು. ಇಪ್ಪತ್ತು ವರ್ಷದಿಂದ, ಹಳೆಯ ಬಟ್ಟೆಯೆಂದರೆ ಆಶೀರ್ವಾದ ಎಂದೇ ಎಲ್ಲರಿಗೂ ಹೇಳುತ್ತ ಬಂದಿದ್ದಳು. ತನ್ನ ತಾಯಿಯ ಮೈಮೇಲೆ ಅದು ಏನಾಗಿತ್ತು ಎಂದು ಯೋಚಿಸಿರಲಿಲ್ಲ. ಅದನ್ನು ಈ ಹೆಂಗಸು ಮರೆಯದೆ ಇಟ್ಟುಕೊಂಡಿದ್ದಳು. ಮಾರ್ತವ್ವ ತಪ್ಪಿಗೆ ಮತ್ತೊಂದು ಮಾತು ಜೋಡಿಸಲಿಲ್ಲ, ಕ್ಷಮಿಸಿರಿ ಎಂದು ಒತ್ತಾಯವನ್ನೂ ಮಾಡಲಿಲ್ಲ. ಏನು ಮಾಡಲಿ ಹೇಳಿರಿ ಎಂದು ಕೇಳಿ ಕಾದು ಕೂತಳು.

ಪರಸವ್ವ ಬಹಳ ಹೊತ್ತು ಮೊರದಲ್ಲಿನ ತೊಗರಿಯ ಕಲ್ಲು ಆರಿಸಿದಳು. ಕೊನೆಗೆ, ಮಂದಿಯದೆಲ್ಲ ಬಿಚ್ಚಿ ತೆಗೆ ಎಂದಳು. ಬಿಳಿಯದು ಅಷ್ಟೂ ಇರಲಿ, ಮೇಲೆ ಕೆಳಗೆ ನಡುವೆ ಎಲ್ಲ ಅದೇ. ಒಂದು ತುಂಡೂ ಹೊರಗೆ ಹೋಗಬಾರದು. ಇಲ್ಲಿಯೇ ಕೂತು, ನನ್ನ ಕಣ್ಣ ಮುಂದೆ ಹೊಲಿ.

ಆಮೇಲೆ ಸೊಸೆಯ ಕಡೆ ತಿರುಗಿ, ಮುಂಜಾನೆಯಿಂದ ಮೊದಲ ಸಲ ಮಾತಾಡಿದಳು: “ನಿಂತಿ ಯಾಕ? ಹೊಟ್ಟಿ ಹೊತ್ಕೊಂಡು ಎಷ್ಟೊತ್ತು ನಿಂದರತಿ, ಕುಂಡ್ರು. ಬಟ್ಟಿ ತುದಿ ಹಿಡಿ. ಇಲಿ ಗಿಲಿ ಅಂತ ಹೇಳಿದ್ದರ ಇವತ್ತ ನಿನ್ನ ಬಿಡತಿದ್ದಿಲ್ಲ ನಾ.”

ವಿಶಾಖಾ ಬೆಚ್ಚಿ ಮಾರ್ತವ್ವನ ಮುಖ ನೋಡಿದಳು. ಮಾರ್ತವ್ವ ಏನೂ ಹೇಳಿರಲಿಲ್ಲ. ಮನೆಯಲ್ಲಿ ಏನು ಕಳೆದರೂ ಇಲಿಯ ಮೇಲೆ ಹಾಕುವುದು ಈ ಹುಡುಗಿಯ ರೂಢಿಯಂತೆ.

ಮೂರು ದಿನದ ಕೆಲಸ ಅದು. ಮೂರನೆಯ ದಿನ ಕ್ರಿಸ್‌ಮಸ್. ಅಂದು ಮುಂಜಾನೆ ಮಾರ್ತವ್ವ ವಿಜಯಪುರದ ಸಭೆಯಲ್ಲಿ ಎಂದಿನಂತೆ ಮುಂದಿನ ಸಾಲಿನಲ್ಲಿದ್ದಳು. ಜನನದ ಕತೆ ಓದಿದಾಗ ಆಕೆಯ ತುಟಿಗಳೂ ಜೊತೆಗೆ ಅಲುಗುತ್ತಿದ್ದವು. ಆರಾಧನೆ ಮುಗಿದು ಎಲ್ಲರೂ ಊಟಕ್ಕೆ ಸಾಲಾಗಿ ಕೂಡುವಾಗ ಆಕೆ ಚೀಲ ಹಿಡಿದು ಹೊರಟಳು. ಹಬ್ಬದ ದಿನವೂ ಸೂಜಿಯೇ ಎಂದು ನಾವು ಕೆಲವರು ಕಾಡಿದೆವು. ಸಭೆಯ ಮೆಟ್ಟಿಲ ಮೇಲೆ ನಿಂತು, ನಗುತ್ತ ಆಕೆ ಹೇಳಿದ ಮಾತು ಇದು:

“ಇಷ್ಟ ವರ್ಷ ಮರಿಯವ್ವ ಕೂಸಿಗೆ ಹಳೀ ಅರಿವಿ ಸುತ್ತಿದ್ಲು ಅಂತ ನಾ ತಿಳಿದಿದ್ದೆ. ಆಕಿ ಊರ ಬಿಟ್ಟು ಅಷ್ಟ ದೂರ ಹೊಂಟಾಕಿ. ದಿನಾ ತುಂಬ್ಯಾವು ಅಂತ ಆಕಿಗೆ ಗೊತ್ತಿತ್ತು. ತನ್ನ ಕಡೆ ಇದ್ದದ್ದರಾಗ ಚಲೋ ಬಟ್ಟಿ ಯಾವುದಿತ್ತೋ ಅದನ್ನ ಮಡಚಿ ತಂದಿರತಾಳ. ಜಾಗಾ ಗ್ವಾದಲಿ ಸಿಕ್ಕಿತು, ಆದರ ಬಟ್ಟಿ ಭಿಕ್ಷಾದ್ದಲ್ಲ. ಬಡವರ ಮನ್ಯಾಗ ಹುಟ್ಟಿದ ದೇವರು ಬಡವರ ಮರ್ಯಾದೀನೂ ತಗೊಂಡ ಹುಟ್ಟ್ಯಾನ. ಇದನ್ನ ನನಗ ಪರಸವ್ವ ಕಲಿಸ್ಯಾಳ. ಆಕೀ ಕಡೆ ಹೋಗದ ಇದ್ದರ ಹೆಂಗ?”

ಅಂದು ಮಧ್ಯಾಹ್ನ ಬಬಲೇಶ್ವರದ ಅಂಗಳದಲ್ಲಿ ಮೂವರೂ ಕೂತು ಕೊನೆಯ ಸುತ್ತು ಹಾಕಿದರು. ಪರಸವ್ವ ಕರ್ಚಿಕಾಯಿ ತಿಂದು, ಹೂರಣಕ್ಕೆ ಸಕ್ಕರೆ ಹೆಚ್ಚಾಯಿತು ಎಂದಳು. ಅದು ಹಾಜಿರಾಬಿಗೆ ಸಲ್ಲಬೇಕಾದ ಮಾತು, ತಲುಪಿಸುತ್ತೇನೆ ಎಂದಳು ಮಾರ್ತವ್ವ. ತಲುಪಿಸಿದ್ದಕ್ಕೆ ಹಾಜಿರಾಬಿ, ನನ್ನ ದುಪಟ್ಟಾನೂ ವಾಪಸ್ ಬಂತು, ಕರ್ಚಿಕಾಯಿಗೂ ಹೆಸರು ಬಂತು, ಬಲು ಚೆಂದದ ಗೆಳತಿ ನೀನು ಎಂದು ಎರಡು ದಿನ ಸಿಟ್ಟು ಮಾಡಿಕೊಂಡಿದ್ದಳು.

ಅಂದಿನಿಂದ ಮಾರ್ತವ್ವ ಗಂಟು ತರಿಸಿಕೊಂಡಿಲ್ಲ. ಯಾರ ಮನೆಗೆ ಹೋದರೂ ಹಳೆಯ ಬಟ್ಟೆ ಕೇಳುವ ಮೊದಲು, ನಿಮಗೆ ಹಳೆಯದು ಬೇಕೋ ಹೊಸದು ಬೇಕೋ ಎಂದು ಕೇಳುತ್ತಾಳೆ. ಹೊಸದು ಬೇಕೆಂದವರಿಗೆ ಹೊಸದರಲ್ಲಿಯೇ ಹೊಲಿದುಕೊಡುತ್ತಾಳೆ.

ಜನವರಿ ಎರಡನೇ ವಾರ ವಿಜಯಪುರದ ಆಸ್ಪತ್ರೆಯಲ್ಲಿ ವಿಶಾಖಾಳಿಗೆ ಹೆಣ್ಣು ಕೂಸು ಹುಟ್ಟಿತು. ಬಾಣಂತನವನ್ನು ಪರಸವ್ವ ಯಾರಿಗೂ ಬಿಡಲಿಲ್ಲ. ಮಾರ್ತವ್ವ ಬಬಲೇಶ್ವರಕ್ಕೆ ನೋಡಲು ಹೋದಾಗ ಕೂಸು ತಾಯಿಯ ಮಗ್ಗುಲಲ್ಲಿ ಬೇರೊಂದು ಬಟ್ಟೆಯಲ್ಲಿತ್ತು. ಪರಸವ್ವ ಹಿತ್ತಲ ಕಲ್ಲಿನ ಮೇಲೆ ಬಿಳಿ ಕೌದಿಯನ್ನು ಸಾಬೂನು ಹಚ್ಚಿ ತಿಕ್ಕುತ್ತಿದ್ದಳು. ದಿನಕ್ಕೆ ಎರಡು ಸಲ, ಸೊಸೆಯ ಕೈಗೂ ಕೊಡದೆ, ತಾನೇ ಒಗೆಯುತ್ತಾಳೆಂದು ವಿಶಾಖಾ ಹೇಳಿದಳು.

“ಮೂವತ್ತು ವರ್ಷ ಒಂದ ಕಲಿ ಬೀಳಲಾರದಂಗ ಇಟ್ಟಿದ್ದೆ,” ಎಂದಳು ಪರಸವ್ವ, ಕೌದಿಯನ್ನು ಹಿಂಡಿ ಕೊಡವುತ್ತ. “ಈ ಸಣ್ಣಾಕಿ ನೋಡು, ಮೂರ ದಿನದಾಗ ಏನ್ ಮಾಡ್ಯಾಳ. ಹಿಡಿ ಆ ಕಡೆ ತುದಿ, ಬಿಸಲಿಗೆ ಹಾಕೂಣು.”