ಶನಿವಾರದ ಮೇಡಂ

ನಡೆಯಲಾರದ ನನ್ನ ತಂಗಿಯನ್ನು ನಾನು ಓದಲು ಬಿಡಲಿಲ್ಲ. ನನಗೆ ಹೆಣ್ಣು ಹುಡುಕುತ್ತಿದ್ದ ಕಾಲ. ಅವಳು ಜನರ ಕಣ್ಣಿಗೆ ಬಿದ್ದರೆ ಸಂಬಂಧ ತಪ್ಪೀತೆಂದು ಒಳಕೋಣೆಯಲ್ಲೇ ಕೂರಿಸುತ್ತಿದ್ದೆ. ಅಂಥ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಸರ್ಕಾರಿ ಮೇಡಂ ಪ್ರತಿ ಶನಿವಾರ ಕಲ್ಯಾಣದುರ್ಗದಿಂದ ನಮ್ಮೂರು ಕುಂದುರ್ಪಿಗೆ ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ಟನ್ನು ನಮ್ಮ ಒರಳಿನ ಮೇಲೆ ಕವುಚಿ, "ನಮ್ಮ ಸ್ಟೂಡೆಂಟ್ ಎಲ್ಲಪ್ಪಾ?" ಎನ್ನುತ್ತಿದ್ದರು. ಕಂಬದೂರಿಗೆ ಹೋದಳು, ರೊದ್ದಂಗೆ ಹೋದಳು ಎಂದು ವಾರಕ್ಕೊಂದು ಊರಿನ ಹೆಸರು ಹೇಳುತ್ತಿದ್ದೆ.

ಒಂದು ಶನಿವಾರ ಅವರು, "ನಡೆಯಾಕಾಗದೋಳು ಇಷ್ಟೂರು ತಿರುಗವ್ಳೆ. ಎಲ್ಡು ಕಾಲಿರೋ ನೀನು ಕುಂದುರ್ಪಿ ದಾಟಿಲ್ವಲ್ಲ ಕಣಪ್ಪ!" ಎಂದರು. ಒಳಗೆ ತಂಗಿ ಕಿಸಕ್ಕನೆ ನಕ್ಕುಬಿಟ್ಟಳು.

ಮೇಡಂ ನನ್ನನ್ನು ಪಕ್ಕಕ್ಕೆ ಸರಿಸಿ ಒಳಹೋಗಿ, ನೆಲದಲ್ಲೇ ಕೂತು ಸ್ಲೇಟು ತೆಗೆದರು. ಬಳಪ ಹಿಡಿಯುವುದು ಹೇಗೆಂದು ತಿಳಿಯದೆ ತಂಗಿ ನನ್ನತ್ತ ನೋಡಿದಳು.

ಬಾಗಿಲಲ್ಲೇ ನಿಂತು ಅವಳಿಗೆ, "ತಪ್ಪಾಯ್ತು ಕಣಮ್ಮ, ನಿನ್ನ ಬಚ್ಚಿಟ್ಬುಟ್ಟೆ" ಎಂದೆ.