ಕೂತವರನ್ನು ಎಬ್ಬಿಸಿದ ಅಪ್ಪಿ

ಬಿಕರ್ನಕಟ್ಟೆಯ ಅಪ್ಪಿಗೆ ಸಿಟ್ಟು ಬೇಗ ಬರುತ್ತಿರಲಿಲ್ಲ, ಬಂದರೆ ಇಳಿಯುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳು ಹೊಳೆಬದಿಯ ಹಂಚಿನ ಕಾರ್ಖಾನೆ ಸೇರಿದ್ದಳು. ಸುಟ್ಟ ಹಂಚನ್ನು ಗೂಡಿನಿಂದ ತೆಗೆದು ತಲೆಹೊರೆಯಲ್ಲಿ ದೋಣಿಗೆ ಸಾಗಿಸುವುದು ಅವಳ ಕೆಲಸ.

೧೯೩೪ರ ಬೇಸಿಗೆ. ಮಳೆ ಹಿಡಿಯುವ ಮೊದಲು ಮಾಲು ಸಾಗಿಸುವ ಅವಸರದಲ್ಲಿ, ಗೂಡು ಆರದೆಯೇ ಮೇಸ್ತ್ರಿ ಅದರ ಇಟ್ಟಿಗೆ ಬಾಗಿಲು ಒಡೆಸಿದ. ಅಪ್ಪಿಯ ಜೊತೆಗಾತಿ ಮುದ್ದು ಬೂದಿಯಡಿಯ ಕೆಂಡ ತುಳಿದಳು. ಅಂಗಾಲಿನ ಚರ್ಮ ಸುಲಿದು ಬಂತು.

“ಎಣ್ಣೆ ಹಚ್ಚಿ ಆಚೆ ಕೂರಿಸಿ. ಉಳಿದವರು ಊಟ ಮುಗಿಸಿ ಬನ್ನಿ,” ಎಂದ ಮೇಸ್ತ್ರಿ.

ಹೆಂಗಸರು ಗಂಜಿಯ ಮುಂದೆ ತಲೆತಗ್ಗಿಸಿ ಕೂತಿದ್ದರು. ಅಪ್ಪಿ ಆ ಸಾಲಿನುದ್ದಕ್ಕೂ ನಡೆದಳು. “ಇವತ್ತು ಇವಳ ಕಾಲು, ನಾಳೆ ಯಾರದ್ದು? ಏಳಿ!”

ಎಲ್ಲರೂ ಎದ್ದು ಆಫೀಸಿನ ಬಾಗಿಲಿಗೆ ಹೋದರು. ಗೂಡು ಪೂರ್ತಿ ಆರದೆ ಬಾಗಿಲು ಒಡೆಯಬಾರದೆಂದು ಅಪ್ಪಿ ಕೂಗಿ ಹೇಳಿದಳು. ನೂಕುನುಗ್ಗಲಿನಲ್ಲಿ ಕಿಟಕಿಯ ಗಾಜು ಒಡೆಯಿತು. ಸಂಜೆ ಬಂದ ಪೊಲೀಸರು ಅಪ್ಪಿಯೊಬ್ಬಳನ್ನೇ ಹಿಡಿದುಕೊಂಡು ಹೋದರು.

ಕೋರ್ಟಿನಲ್ಲಿ ಅವಳು ತುಳುವಿನಲ್ಲಿ ಹೇಳಿದ್ದು ಇಷ್ಟೇ: ಹೌದು, ಕೂತವರನ್ನು ಎಬ್ಬಿಸಿದೆ. ದುಭಾಷಿ ಗ್ರೆಗರಿ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ತಪ್ಪು ಒಪ್ಪಿಕೊಂಡಿದ್ದಾಳೆಂದು ಮ್ಯಾಜಿಸ್ಟ್ರೇಟರು ಒಂದು ತಿಂಗಳ ಸಜೆ ಕೊಟ್ಟರು. ತಾನು ಯಾವ ತಪ್ಪು ಒಪ್ಪಿಕೊಂಡೆನೆಂದು ಅಪ್ಪಿಗೆ ಗೊತ್ತಾಗಲಿಲ್ಲ.

ಬಿಡುಗಡೆಯಾದ ದಿನ ಅವಳು ಮನೆಗೆ ಹೋಗದೆ ನೇರ ಬಿಜೈಯಲ್ಲಿದ್ದ ಗ್ರೆಗರಿಯ ಮನೆಯ ಜಗಲಿ ಹತ್ತಿದಳು.

“ನನ್ನ ಮಾತಿಗೆ ನೀವು ಎಂತ ಹೇಳಿದ್ದು?”

“ಇನ್‌ಸೈಟ್ ಅಂದೆ.”

“ಅಂದರೆ ಎಂತ?”

ಗ್ರೆಗರಿ ತಡವರಿಸಿದ. “ಎತ್ತಿಕಟ್ಟುವುದು. ಕೆರಳಿಸುವುದು ಅಂತಲೂ ಹೇಳಬಹುದು.”

“ನಾನು ಎಬ್ಬಿಸಿದ್ದು. ಕೆರಳಿಸಿದ್ದು ಆ ಮೇಸ್ತ್ರಿ! ಎಬ್ಬಿಸುವುದಕ್ಕೆ ನಿಮ್ಮ ಇಂಗ್ಲಿಷಿನಲ್ಲಿ ಬೇರೆ ಶಬ್ದವೇ ಇಲ್ಲವಾ?”

“ಉಂಟು ಮಾರಾಯ್ತಿ. ರೌಜ್ ಉಂಟು, ಸ್ಟರ್ ಉಂಟು...”

“ಅಷ್ಟು ಇರುವಾಗ ನನ್ನನ್ನು ಜೈಲಿಗೆ ಹಾಕುವ ಶಬ್ದವನ್ನೇ ಹುಡುಕಿದ್ದು ಯಾಕೆ?”

“ನಾನು ಹುಡುಕಲಿಲ್ಲ. ಪೊಲೀಸರ ಕಾಗದದಲ್ಲಿ ಅದೇ ಇತ್ತು. ಅದನ್ನೇ ಹೇಳಿದೆ.”

“ಹಾಗಾದರೆ ನಾನು ಬಾಯಿ ತೆರೆಯುವ ಮೊದಲೇ ನನ್ನ ಮಾತು ಬರೆದಾಗಿತ್ತು!”

ಗ್ರೆಗರಿಯ ಹೆಂಡತಿ ನೀರು ಬೆಲ್ಲ ತಂದಿಟ್ಟಳು. ಅಪ್ಪಿ ಮುಟ್ಟದೆ ಇಳಿದು ಹೋದಳು.

ಅಂದು ಸಂಜೆ ಮುದ್ದು ಕುಂಟುತ್ತಾ ಅವಳನ್ನು ನೋಡಲು ಮನೆಗೆ ಬಂದಳು. “ಈಗ ಗೂಡು ಪೂರ್ತಿ ಆರಿದ ಮೇಲೆಯೇ ಬಾಗಿಲು ಒಡೆಯುವುದು. ನೀನು ಕ್ಷಮೆ ಕೇಳಿದರೆ ಕೆಲಸ ಕೊಡ್ತಾರಂತೆ.”

ಅಪ್ಪಿಯ ಮೈ ಉರಿಯಿತು. ಮರುದಿನ ಕಾರ್ಖಾನೆಯ ಗೇಟಿಗೆ ಹೋಗಿ ಮೇಸ್ತ್ರಿಯನ್ನು ಹೊರಗೆ ಕರೆದಳು. “ನಾನು ಹೇಳಿದ ಹಾಗೆಯೇ ಮಾಡ್ತಾ ಇದ್ದೀರಲ್ಲ, ಕ್ಷಮೆ ಯಾರು ಕೇಳಬೇಕಾದ್ದು?” ಒಳಗಿದ್ದ ಹೆಂಗಸರೆಲ್ಲ ಹೊರೆ ಇಳಿಸಿ ನಿಂತು ಕೇಳಿಸಿಕೊಂಡರು. ಮೇಸ್ತ್ರಿ ಗೇಟು ಹಾಕಿಸಿದ.

ಆಮೇಲೆ ಅವಳು ರಸ್ತೆಗೆ ಜಲ್ಲಿ ಒಡೆದು ಬದುಕಿದಳು. ಕ್ಷಮೆಯನ್ನಂತೂ ಕೇಳಲಿಲ್ಲ.