ಅಟ್ಟದ ಕಾಯಿಗೊಂದು ವರ್ಷ

ಕಳೆದ ಶನಿವಾರ ಅರಸೀಕೆರೆ ಬಳಿ ಗೆಳೆಯ ರುದ್ರೇಶನ ತೋಟದ ಮನೆಯಲ್ಲಿ ಅಟ್ಟ ಹತ್ತಿದೆ. ಕೊಬ್ಬರಿಗೆಂದು ಕೂಡಿಟ್ಟ ತೆಂಗಿನಕಾಯಿಗಳು. ರುದ್ರೇಶ ಒಂದನ್ನೆತ್ತಿ ನನ್ನ ಕಿವಿಯ ಬಳಿ ಅಲ್ಲಾಡಿಸಿದ.

“ಇನ್ನೂ ನೀರೈತೆ. ವರ್ಷ ತುಂಬ್ಲಿ, ಕೊಬ್ಬರಿ ತಾನೇ ಚಿಪ್ಪು ಬಿಡ್ತದೆ.”

“ಕೊಳೆತರೆ?”

“ಒಂದಷ್ಟು ಕೊಳೀತವೆ ಕಣೋ. ಅದಕ್ಕೇಂತ ಅಟ್ಟಕ್ಕೆ ಹಾಕ್ದೆ ಇರಕ್ಕಾಯ್ತದಾ?”

ನಗಬೇಕಿತ್ತು. ನಗು ಬರಲಿಲ್ಲ. ಎರಡು ವರ್ಷದ ಹಿಂದೆ ಇದೇ ಮನೆಯಲ್ಲಿ ಅವನ ಮಗಳು ಚೈತ್ರಾ ಕೇಳಿದ್ದೂ ಒಂದೇ ವರ್ಷದ ಅವಕಾಶ.

ಆಗಷ್ಟೇ ಎಂ.ಕಾಂ. ಮುಗಿಸಿದ್ದಳು. ಹಳೇಬೀಡಿನಲ್ಲಿ ಪುಟ್ಟ ಮಳಿಗೆ ಹಿಡಿದು, ತೋಟದ ಕೊಬ್ಬರಿಯಿಂದ ಮಿಠಾಯಿ, ಚಟ್ನಿಪುಡಿ ಮಾಡಿ ಪ್ರವಾಸಿಗರಿಗೆ ಮಾರುವ ಯೋಚನೆ. ನಾಲ್ಕು ಭಾನುವಾರ ಬಸ್ತಿಹಳ್ಳಿಯ ಬಸದಿಗಳ ದಾರಿಯಲ್ಲಿ ಟೇಬಲ್ ಹಾಕಿ ಮಾರಿಯೂ ನೋಡಿದ್ದಳು. ಮಳಿಗೆಯ ಬೀಗದಕೈಯನ್ನೂ ತಂದಿಟ್ಟುಕೊಂಡಿದ್ದಳು. ಪ್ಯಾಕೆಟ್ ದೊಡ್ಡದಾದರೆ ಯಾರೂ ಕೊಳ್ಳುವುದಿಲ್ಲ, ಹ್ಯಾಂಡ್‌ಬ್ಯಾಗಿನಲ್ಲಿ ಹಿಡಿಸಬೇಕು ಎಂದು ಕಂಡುಕೊಂಡಿದ್ದಳು. (ಇದು ಯಾವ ಸಿಲಬಸ್‌ನಲ್ಲೂ ಇಲ್ಲ.)

“ಸ್ವಲ್ಪ ಬುದ್ಧಿ ಹೇಳು ಬಾ” ಎಂದು ರುದ್ರೇಶ ನನ್ನನ್ನು ಕರೆಸಿದ್ದ. ನಾನು ಪತ್ರಕರ್ತ, ಪ್ರಶ್ನೆ ಕೇಳುವುದೇ ಕಸುಬು. ಲೈಸೆನ್ಸ್? ಮಳೆಗಾಲದಲ್ಲಿ ಗಿರಾಕಿ? ಎಲ್ಲಕ್ಕೂ ಅವಳಲ್ಲಿ ಉತ್ತರವಿತ್ತು. ಕೊನೆಗೆ ಕೇಳಿದೆ: “ಫೇಲ್ ಆದ್ರೆ?”

ಅವಳು ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡಿದ. ಮರುದಿನ ಮಳಿಗೆಯ ಬೀಗದಕೈ ವಾಪಸ್ ಹೋಯಿತು.

ಓದಿದವರು ಸ್ವಂತ ಉದ್ಯೋಗಕ್ಕೆ ಇಳಿಯಲು ಏನು ಬೇಕು? ಭಾಷಣಗಳಲ್ಲಿ ತರಬೇತಿ, ಸಬ್ಸಿಡಿ ಎನ್ನುತ್ತಾರೆ. ಆತ್ಮವಿಶ್ವಾಸ ಎಂಬ ಮಾತೂ ಬರುತ್ತದೆ, ಅಂಗಡಿಯಲ್ಲಿ ಸಿಗುವ ಸಾಮಾನಿನಂತೆ. ಚೈತ್ರಾಳಿಗೆ ಅದು ಇತ್ತು. ಸೋತರೂ ಮನೆಯಲ್ಲಿ ತನ್ನ ಮರ್ಯಾದೆ ಉಳಿಯುತ್ತದೆ ಎಂಬ ಧೈರ್ಯ ಇರಲಿಲ್ಲ. ಅದನ್ನು ಅವಳು ಸ್ವಂತವಾಗಿ ತಯಾರಿಸಿಕೊಳ್ಳುವಂತಿರಲಿಲ್ಲ. ನಾವು ಕೊಡಬೇಕಿತ್ತು.

ಅವಳಿಗೀಗ ಬೇಲೂರಿನ ಆಫೀಸೊಂದರಲ್ಲಿ ಗುತ್ತಿಗೆ ಕೆಲಸ. ನಾವು ಅಟ್ಟ ಇಳಿಯುವ ಹೊತ್ತಿಗೆ ವಾರದ ರಜೆಗೆ ಮನೆಗೆ ಬಂದಳು.

“ಹಳೇಬೀಡಿನ ಆ ಮಳಿಗೆ ಏನಾಯ್ತಮ್ಮ?” ಕೇಳಿದೆ.

“ಮತ್ತೆ ಖಾಲಿ ಬಿದ್ದಿದೆ ಅಂಕಲ್. ಬಸ್ಸಿಂದ ವಾರಾ ವಾರ ನೋಡ್ತೀನಲ್ಲ.”

“ಹಾಗಾದ್ರೆ ಈಗ್ಲಾದ್ರೂ ಶುರು ಮಾಡು. ಅಪ್ಪಂಗೆ ನಾನು ಹೇಳ್ತೀನಿ.”

ಬ್ಯಾಗ್ ಕೆಳಗಿಟ್ಟು ನನ್ನನ್ನೇ ನೋಡಿದಳು.

“ಫೇಲ್ ಆದ್ರೆ?”

ವ್ಯಂಗ್ಯವಿರಲಿಲ್ಲ. ನಿಜಕ್ಕೂ ಕೇಳುತ್ತಿದ್ದಳು.

ಕೊಳೆಯಬಹುದಾದ ಕಾಯಿಗೂ ಒಂದು ವರ್ಷ ಕೊಡುವ ನಾವು, ಅವಳಿಗೇಕೆ ಕೊಡಲಿಲ್ಲ?